ಬೇರೆಯವರ ಬೀಗ

ಸೋದರಿಯರೇ, ಈ ಸಲ ಬ್ರಹ್ಮಾವರದಿಂದ ಬಂದ ಒಂದೇ ಪತ್ರಕ್ಕೆ ನನ್ನ ಪುಟ ಪೂರ್ತಿ ಬೇಕಾಗುವಂತೆ ಕಾಣುತ್ತದೆ. ಹಲಸಿನ ಹಪ್ಪಳ ಯಾಕೆ ಒಡೆಯುತ್ತದೆಂದು ಕೇಳಿದವರು ಮುಂದಿನ ಸಂಚಿಕೆಯ ತನಕ ತಾಳಿಕೊಳ್ಳಿ.

ಪತ್ರ ಬರೆದಾಕೆ ಮನೆಯ ಮುಂಗೋಣೆಯಲ್ಲಿ ಜೆರಾಕ್ಸ್ ಮೆಶಿನ್ನು, ಕಂಪ್ಯೂಟರು ಇಟ್ಟುಕೊಂಡಿದ್ದಾರೆ. ಗುರುತು ಪರಿಚಯ ಇಲ್ಲದವರು ಬಂದು, “ಅಕ್ಕಾ, ಈ ಫೈಲು ಪಾಸ್‌ವರ್ಡ್ ಕೇಳ್ತಿತ್ತ್ ಮಾರಾಯ್ರೆ, ಒಂಚೂರ್ ತೆಗ್ದ್ ಕೊಡಿ ಕಾಂಬ” ಅನ್ನುತ್ತಾರಂತೆ. ತೆಗೆದುಕೊಡುವುದು ಉಪಕಾರವೋ ಅಪಚಾರವೋ ಎಂಬುದು ಅವರ ಪ್ರಶ್ನೆ.

ಹೆಚ್ಚಿನವರದು ನಿರಪಾಯದ ಕೆಲಸವೇ. ಇಳಿಸಿಕೊಂಡ ಆಧಾರ್ ಪ್ರತಿ ತೆರೆಯಲು ಹೆಸರಿನ ಮೊದಲ ನಾಲ್ಕು ದೊಡ್ಡ ಇಂಗ್ಲಿಷ್ ಅಕ್ಷರ, ಅದರ ಹಿಂದೆಯೇ ಹುಟ್ಟಿದ ಇಸವಿ. ಇದನ್ನು ಆ ಆಧಾರಿನವರಿಗೇ ಹೇಳಿಕೊಟ್ಟರೆ ಬೀಗ ಒಡೆದ ಹಾಗಲ್ಲ, ಕೀಲಿಕೈ ಎಲ್ಲಿದೆ ಎಂದು ತೋರಿಸಿದ ಹಾಗೆ. ಎಕ್ಸೆಲ್ ಹಾಳೆಯ ಮೇಲಿನ ಕಾವಲೂ ಅಷ್ಟೆ, ಮಕ್ಕಳು ಕೈಯಾಡಿಸದಿರಲಿ ಎಂದು ಹಾಕಿದ ಚಿಲಕ. ಆದರೆ ಫೈಲು ತೆರೆಯುವುದಕ್ಕೇ ಪಾಸ್‌ವರ್ಡ್ ಇಟ್ಟರೆ, ಒಳಗಿನ ಬರಹವೇ ಕಲಸಿಹೋಗಿರುತ್ತದೆ. ಅದನ್ನು ಅಂಗಡಿಯವರು ಒಡೆಯುವುದು ಸುಲಭವಲ್ಲ. ಅವರು ಮಾಡುವುದು ಊಹೆ: ಮಗಳ ಹೆಸರು, ಸ್ಕೂಟರ್ ನಂಬರು, ಮದುವೆಯ ತಾರೀಕು. ಇಂಟರ್ನೆಟ್ಟಿನಲ್ಲಿ ‘ಬಿಡಿಸಿಕೊಡುತ್ತೇವೆ’ ಎನ್ನುವ ಕಡೆಗೆ ಫೈಲು ಹಾಕುವುದಂತೂ ಬೇಡವೇ ಬೇಡ. ಅದು ಯಾರ ಕೈ ಸೇರಿತೆಂದು ಆಮೇಲೆ ಯಾರನ್ನು ಕೇಳುತ್ತೀರಿ?

ಪತ್ರದ ನಿಜವಾದ ಗಂಟು ಕೊನೆಯಲ್ಲಿದೆ. ಬೈಂದೂರು ಕಡೆಯ ಗಂಡಸೊಬ್ಬರು ಹೆಂಡತಿಯ ಬ್ಯಾಂಕ್ ಸ್ಟೇಟ್‌ಮೆಂಟ್ ತಂದು, ಆಕೆಯ ಹುಟ್ಟಿದ ತಾರೀಕನ್ನೂ ಹೇಳಿದರು. ಈಕೆ ತೆರೆದುಕೊಟ್ಟರು. ಅವರು ಬಾಕಿ ಮೊತ್ತ ನೋಡಿ, ಮಾತಿಲ್ಲದೆ ಇಪ್ಪತ್ತು ರೂಪಾಯಿ ಇಟ್ಟು ಹೊರಟರು. ಅದೇ ವಾರ ಕುಂದಾಪುರದ ಹೆಂಗಸೊಬ್ಬರು ಬಂದು, ತೀರಿಹೋದ ಗಂಡ ಬರೆದಿಟ್ಟ ಸಾಲ, ಚೀಟಿಯ ಲೆಕ್ಕದ ಫೈಲು ತೆರೆಯಬೇಕೆಂದು ಅತ್ತರು. ಹಿಂದಿನ ಭಯದಲ್ಲಿ ಈಕೆ ಅವರನ್ನು ಬರಿಗೈಯಲ್ಲಿ ಕಳಿಸಿಬಿಟ್ಟರು. “ನಂಗೆ ಎರಡು ರಾತ್ರಿ ನಿದ್ದೆ ಇಲ್ಲ” ಎಂದು ಬರೆದಿದ್ದಾರೆ.

ತಂಗೀ, ನಿದ್ದೆ ಬಾರದ್ದು ಸಹಜ. ನಾನು ಹತ್ತನೇ ತರಗತಿಯಲ್ಲಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಸೊಸೆಗೆ ಬೊಂಬಾಯಿಯಿಂದ ಬಂದ ಇನ್‌ಲ್ಯಾಂಡ್ ಪತ್ರ ತಂದು, ಗಂಜಿಯ ಹಬೆಗೆ ಹಿಡಿದು ಅಂಟು ಬಿಡಿಸಿ, “ಓದು ಮಗಾ” ಅಂದರು. ಅಕ್ಷರ ಬರುವುದೇ ಹೆಮ್ಮೆ ನನಗೆ, ಗಟ್ಟಿಯಾಗಿ ಓದಿದೆ. ಬಾಗಿಲ ಸಂದಿನಲ್ಲಿ ಆ ಸೊಸೆ ನಿಂತಿದ್ದಳು. ಆಮೇಲೆ ಅವಳು ಬಾವಿಕಟ್ಟೆಯಲ್ಲಿ ನನ್ನೊಡನೆ ಮಾತಾಡಲಿಲ್ಲ.

ಬ್ಯಾಂಕಿನ ಲಾಕರ್ ನೋಡಿ. 2021ರ ರಿಸರ್ವ್ ಬ್ಯಾಂಕ್ ನಿಯಮಗಳ ಪ್ರಕಾರ, ಕೀ ಕಳೆದರೆ ಒಡೆಯುವುದು ಲಾಕರಿನವರ ಎದುರಿನಲ್ಲೇ. ಅವರು ತೀರಿಹೋಗಿದ್ದರೆ ಇಬ್ಬರು ಸಾಕ್ಷಿಗಳ ಮುಂದೆ ಒಳಗಿನದನ್ನು ಪಟ್ಟಿ ಮಾಡುತ್ತಾರೆ. ನಿಮ್ಮ ಮುಂಗೋಣೆಗೂ ಇದು ಸಾಲದೆ? ಫೈಲಿನವರು ಎದುರಿಗಿಲ್ಲದಿದ್ದರೆ ಫೋನಿನಲ್ಲಾದರೂ ಅವರ ಬಾಯಿಂದಲೇ ಹೂಂ ಅನ್ನಿಸಿ. ಗಂಡನಾದರೂ ಸರಿ, ಮಗನಾದರೂ ಸರಿ. ಕೆಲಸ ಮುಗಿದ ಮೇಲೆ ಪ್ರತಿಯನ್ನು ಕಂಪ್ಯೂಟರಿನಿಂದ ಅಳಿಸಿ, ಅವರು ನೋಡುತ್ತಿರುವಾಗಲೇ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈಹಾಕಿದವರನ್ನಷ್ಟೇ ಅಲ್ಲ, ಅದಕ್ಕೆ ನೆರವಾದವರನ್ನೂ ಹೆಸರಿಸುತ್ತದೆ. ಮೋಸದ ಉದ್ದೇಶವಿದ್ದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಥವಾ ಎರಡೂ.

ಕುಂದಾಪುರದ ಆ ಹೆಂಗಸನ್ನು ಮರಳಿ ಕರೆಯಿರಿ. ಮರಣಪತ್ರ ತರಲಿ, ಮಕ್ಕಳೂ ಜೊತೆಗೆ ಕೂರಲಿ, ಎಲ್ಲರೆದುರು ಪ್ರಯತ್ನಿಸಿ. ತೆರೆಯದಿದ್ದರೂ ಬ್ಯಾಂಕಿನ ಹಣಕ್ಕೆ ಆ ಫೈಲು ಬೇಕಿಲ್ಲ, ನಾಮಿನಿಯಾಗಿದ್ದರೆ ಮರಣಪತ್ರ ಹಿಡಿದು ಬ್ಯಾಂಕಿಗೇ ಹೋಗಬಹುದು. ಚೀಟಿಯ ಲೆಕ್ಕ ಚೀಟಿ ನಡೆಸುವವರ ಪುಸ್ತಕದಲ್ಲಿ ಇರಲೇಬೇಕು.

ಬೈಂದೂರಿನ ಆ ಹೆಂಡತಿಯ ಫೋನ್ ನಂಬರು ಹೇಗಾದರೂ ಸಿಕ್ಕಿದರೆ ನೀವೇ ಹೇಳಿಬಿಡಿ, ಬೈದರೆ ಬೈಸಿಕೊಳ್ಳಿ. ನನಗೆ ಆ ಧೈರ್ಯ ಬರಲಿಲ್ಲ, ಬಾವಿಕಟ್ಟೆ ಹತ್ತೇ ಮಾರು ದೂರ ಇತ್ತು.