ಲಕ್ಷ ರೂಪಾಯಿಯ ಆಂಪ್ಲಿಫೈಯರ್ ಯಾರಿಗಾಗಿ?

ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು, ಸಂಗೀತವನ್ನು ಪ್ರೀತಿಸುವವನು ಮನೆಯ ಆಂಪ್ಲಿಫೈಯರಿಗೆ ಲಕ್ಷ ರೂಪಾಯಿಯಾದರೂ ಖರ್ಚು ಮಾಡದಿದ್ದರೆ ಮಲ್ಲಿಕಾರ್ಜುನ ಮನ್ಸೂರರಿಗೂ ಭೀಮಸೇನ ಜೋಶಿಯವರಿಗೂ ಅವಮಾನ ಮಾಡಿದಂತೆ ಎಂದು ಅಪ್ಪಣೆ ಕೊಡಿಸಿದ್ದಾರೆ. ಅವರ ಸಂಗೀತಪ್ರೇಮದ ಬಗ್ಗೆ ನನಗೆ ಎಳ್ಳಷ್ಟೂ ಸಂದೇಹವಿಲ್ಲ. ಅವರ ಲೆಕ್ಕದ ಬಗ್ಗೆ ಮಾತ್ರ ಇದೆ. ಮಾತು ಅವರೊಬ್ಬರ ಮನೆಯದಾಗಿದ್ದರೆ ನಾನು ಲೇಖನಿ ಎತ್ತುತ್ತಿರಲಿಲ್ಲ. ಆದರೆ ಈಚೆಗೆ ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಹಾಲಿನ ಮೂಲೆಯ ಕರಿಯ ಪೆಟ್ಟಿಗೆಯನ್ನು ತೋರಿಸಿ, ಮೊದಲು ಅದರ ಬೆಲೆ ಹೇಳಿ ಆಮೇಲೆ ಅದರ ಹೆಸರು ಹೇಳುವ ಪದ್ಧತಿ ಬೆಳೆಯುತ್ತಿದೆ. ಆಗತಾನೆ ಸಂಸಾರ ಹೂಡಿದ ಹುಡುಗರು ಬ್ಲಾಕಿನ ಸಾಲದ ಕಂತಿನ ಜೊತೆಗೆ ಇದರದೂ ಒಂದು ಕಂತನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಾರೆ. ಕೇಂದ್ರ ಸರಕಾರದ ಗುಮಾಸ್ತನಿಗೆ 2025ರ ದೀಪಾವಳಿಗೆ ಬಂದ ಬೋನಸ್ಸು 6,908 ರೂಪಾಯಿ. ಲಕ್ಷ ಎಂದರೆ ಅಂಥ ಹದಿನಾಲ್ಕೂವರೆ ದೀಪಾವಳಿ.

ಮಾನ್ಯರು ನೂರು ವ್ಯಾಟಿಗಿಂತ ಕಡಿಮೆಯದನ್ನು ಆಟದ ಸಾಮಾನು ಎಂದಿದ್ದಾರೆ. ಲೆಕ್ಕ ನೋಡೋಣ. ನಮ್ಮ ಕಿವಿ ಶಬ್ದವನ್ನು ಅಂಗಡಿಯ ತಕ್ಕಡಿಯಂತೆ ತೂಗುವುದಿಲ್ಲ. ವ್ಯಾಟುಗಳನ್ನು ಎರಡರಷ್ಟು ಮಾಡಿದರೆ ಸಿಗುವುದು 3 ಡೆಸಿಬಲ್. ಶಬ್ದ ಎರಡರಷ್ಟು ದೊಡ್ಡದಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಹೆಚ್ಚುಕಡಿಮೆ ಹತ್ತರಷ್ಟು ವ್ಯಾಟು ಬೇಕು. ಸಾಧಾರಣ ಸ್ಪೀಕರೊಂದು 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಸುಮಾರು 86 ಡೆಸಿಬಲ್ ಕೊಡುತ್ತದೆ. ಡೊಂಬಿವಲಿಯ ಬ್ಲಾಕಿನಲ್ಲಿ ನಾವು ಕೂಡುವುದು ಎರಡೂವರೆ ಮೀಟರ್ ದೂರದಲ್ಲಿ. ಅದಕ್ಕಿಂತ ದೂರ ಹೋದರೆ ಅಡಿಗೆಮನೆ. ಎರಡು ಸ್ಪೀಕರಿಗೆ ಒಂದೊಂದು ವ್ಯಾಟು ಕೊಟ್ಟರೆ ಅಲ್ಲಿ 80 ಡೆಸಿಬಲ್ ಧಾರಾಳವಾಗಿ ಬರುತ್ತದೆ. ಸಂಜೆ ಹೊತ್ತು ಮನೆಮಂದಿಯೊಡನೆ ಖಯಾಲು ಕೇಳುವುದು 70ರ ಆಸುಪಾಸಿನಲ್ಲಿ, ಅಂದರೆ ವ್ಯಾಟಿನ ಹತ್ತನೇ ಒಂದು ಭಾಗದಲ್ಲಿ! ತಾನಿನ ರಭಸಕ್ಕೆ, ತಬಲಾದ ಏಟಿಗೆ ಇನ್ನೂ 20 ಡೆಸಿಬಲ್ ಬಿಟ್ಟುಕೊಟ್ಟರೂ 10 ವ್ಯಾಟು ಸಾಕು. ಮೂವತ್ತಿದ್ದರೆ ಐಶ್ವರ್ಯ. ಮೂವತ್ತರಿಂದ ನೂರಕ್ಕೆ ಏರಿದರೆ ಹೆಚ್ಚಿಗೆ ದೊರೆಯುವುದು ಐದೇ ಡೆಸಿಬಲ್, ಅದನ್ನು ಕೇಳುವ ಭಾಗ್ಯ ಮೇಲಿನ ಮಹಡಿಯವರದು.

ವ್ಯಾಟೆಂಬ ಶಬ್ದದಿಂದಲೇ ನಮ್ಮ ಜನ ಎಷ್ಟು ಮೋಸಹೋಗಿದ್ದಾರೆ! ಹಿಂದೆ ಟೂ-ಇನ್-ಒನ್‌ಗಳ ಮೇಲೆ, ಆಮೇಲೆ ಕಂಪ್ಯೂಟರ್ ಸ್ಪೀಕರುಗಳ ಮೇಲೆ 'ಪಿಎಂಪಿಓ' ಎಂಬ ನಾಲ್ಕಕ್ಷರದ ಮಂತ್ರದೊಡನೆ ಸಾವಿರ ವ್ಯಾಟು ಎಂದು ಬರೆದಿರುತ್ತಿತ್ತು. ಬೆನ್ನು ತಿರುಗಿಸಿ ನೋಡಿದರೆ ಗೋಡೆಯಿಂದ ಎಳೆಯುವ ವಿದ್ಯುತ್ತು 40 ವ್ಯಾಟು. ನಲವತ್ತು ಒಳಗೆ ಹೋಗಿ ಸಾವಿರ ಹೊರಗೆ ಬರುವುದಾದರೆ ಶರಾವತಿಗೆ ಅಣೆಕಟ್ಟು ಕಟ್ಟುವ ಪ್ರಮೇಯವೇ ಇರಲಿಲ್ಲ.

ದುಬಾರಿಯದು ಅಂಗಡಿಯಲ್ಲಿ ಕೇಳಿದಾಗ ನಿಜಕ್ಕೂ ಚೆನ್ನಾಗಿತ್ತು ಎನ್ನುವವರಿದ್ದಾರೆ. ಇದ್ದಿರಬಹುದು. ಎರಡು ಯಂತ್ರಗಳಲ್ಲಿ ಒಂದು ಅರ್ಧ ಡೆಸಿಬಲ್ಲಿನಷ್ಟು ಜೋರಾಗಿದ್ದರೂ ಕಿವಿ ಅದನ್ನು 'ಜೋರು' ಎನ್ನುವುದಿಲ್ಲ, 'ಸ್ಪಷ್ಟ' ಎನ್ನುತ್ತದೆ, 'ತುಂಬು ನಾದ' ಎನ್ನುತ್ತದೆ. ಗುಂಡಿಯ ಮೇಲೆ ಕೈಯಿಟ್ಟು ನಿಂತ ಮಾರಾಟಗಾರನಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಶಬ್ದವನ್ನು ಅಳೆದು ಸರಿದೂಗಿಸಿ, ಯಾವುದು ನುಡಿಯುತ್ತಿದೆ ಎಂದು ತಿಳಿಸದೆ ಕೇಳಿಸಿದರೆ ಕಥೆ ಬೇರೆ. ಅಮೆರಿಕದ 'ಸ್ಟೀರಿಯೋ ರಿವ್ಯೂ' ಪತ್ರಿಕೆ 1987ರಲ್ಲಿ ಹೀಗೆಯೇ ಪರೀಕ್ಷೆ ನಡೆಸಿತು. ಸುಮಾರು 200 ಡಾಲರಿನದರಿಂದ ಹಿಡಿದು 12,000 ಡಾಲರಿನ ವಾಲ್ವ್ ಯಂತ್ರದವರೆಗೆ ಆಂಪ್ಲಿಫೈಯರುಗಳಿದ್ದವು; ಕೇಳಿದವರಲ್ಲಿ ಈ ಭೇದವನ್ನು ಗಟ್ಟಿಯಾಗಿ ನಂಬಿದವರೂ ಇದ್ದರು. ಫಲಿತಾಂಶ ನಾಣ್ಯ ಚಿಮ್ಮಿ ಹೇಳಿದಂತಿತ್ತು. ಆಶ್ಚರ್ಯವೇನಿಲ್ಲ. ಸಾಧಾರಣ ಆಂಪ್ಲಿಫೈಯರಿನ ಡಿಸ್ಟಾರ್ಷನ್ನು ನೂರಕ್ಕೆ 0.1ಕ್ಕಿಂತ ಕಡಿಮೆ; ಅದರ ಮುಂದಿನ ಸ್ಪೀಕರು, ಅದರಲ್ಲೂ ಮಂದ್ರದ ಸ್ವರಗಳಲ್ಲಿ, ನೂರಕ್ಕೆ ಒಂದರಷ್ಟನ್ನು ತಾನೇ ಸೇರಿಸುತ್ತದೆ. ಕೆಸರುಗಾಲಿನಲ್ಲಿ ನಡೆಯುವವನು ಚಪ್ಪಲಿಗೆ ಪಾಲಿಶ್ ಹಾಕಿಸಿದಂತೆ.

ಇನ್ನು ಮನ್ಸೂರರ ಅವಮಾನದ ವಿಷಯ. ಅವರ 1930ರ ದಶಕದ ಧ್ವನಿಮುದ್ರಣಗಳು ಅರಗಿನ ತಟ್ಟೆಗಳ ಮೇಲಿನವು. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. 8,000 ಹರ್ಟ್ಸ್‌ಗಿಂತ ಮೇಲಿನದು ಬಹುಮಟ್ಟಿಗೆ ಅದರಲ್ಲಿ ಇಲ್ಲವೇ ಇಲ್ಲ. ಇಲ್ಲದ್ದನ್ನು ಯಾವ ಲಕ್ಷದ ಪೆಟ್ಟಿಗೆ ತಂದುಕೊಟ್ಟೀತು? 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಹಿರಿಯರು ಮೀಡಿಯಂ ವೇವಿನ ಗೊರಗೊರದ ನಡುವೆ ಕೇಳಿ ರಾಗಗಳನ್ನು ಗುರುತಿಸಿದರು. ಸಂಗೀತ ಅವರಿಗೆ ಒಲಿಯಲಿಲ್ಲವೆ? ನಲವತ್ತು ದಾಟಿದ ನಮ್ಮಲ್ಲಿ ಹಲವರ ಕಿವಿ 15,000 ಹರ್ಟ್ಸ್‌ನ ಮೇಲೆ ಹೋಗುವುದಿಲ್ಲ. ತಲೆಯ ಮೇಲೆ ಫ್ಯಾನು, ಕಿಟಕಿಯಾಚೆ ಲೋಕಲ್ ಗಾಡಿ, ಒಳಗೆ ಕುಕ್ಕರಿನ ಸೀಟಿ. ಈ ಗದ್ದಲದಲ್ಲಿ 110 ಡೆಸಿಬಲ್ಲಿನ ನಿಶ್ಶಬ್ದತೆಗೆ ದುಡ್ಡು ಕೊಡುವುದು ಯಾತಕ್ಕೆ?

ಹಾಗೆಂದು ಕೈಗೆ ಸಿಕ್ಕಿದ್ದನ್ನು ತನ್ನಿ ಎನ್ನುವವನಲ್ಲ ನಾನು. ಸ್ಪೀಕರು 4 ಓಮಿನ ಹಟಮಾರಿಯಾಗಿದ್ದರೆ, ಕೋಣೆ ಸಭಾಂಗಣದಷ್ಟಿದ್ದರೆ, ಬಲವುಳ್ಳ ಯಂತ್ರ ಬೇಕೇ ಬೇಕು. ಅರ್ಥಿಂಗ್ ಸರಿಯಿಲ್ಲದೆ ಗುಂಯ್‌ಗುಡುವುದನ್ನೂ, ಕೆಟ್ಟರೆ ರಿಪೇರಿಗೆ ಗತಿಯಿಲ್ಲದ್ದನ್ನೂ ಬಿಟ್ಟಿ ಕೊಟ್ಟರೂ ಬೇಡ. ಆದರೆ ನಮ್ಮಂಥವರ ಹಾಲಿಗೆ ಸಾಕಾಗುವ ಕ್ಲಾಸ್-ಡಿ ಆಂಪ್ಲಿಫೈಯರು ಈಗ ಲ್ಯಾಮಿಂಗ್ಟನ್ ರೋಡಿನಲ್ಲಿ ಹತ್ತು ಸಾವಿರದೊಳಗೆ ಸಿಗುತ್ತದೆ. ಜೋರಾಗಿ ನುಡಿಸುವಾಗ ಎಳೆದ ವಿದ್ಯುತ್ತಿನಲ್ಲಿ ಬಹುಪಾಲನ್ನು ಸ್ಪೀಕರಿಗೇ ಕೊಡುತ್ತದೆ, ಹೆಚ್ಚು ಬಿಸಿಯೂ ಆಗುವುದಿಲ್ಲ. ಒಟ್ಟು ಹಣದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇದಕ್ಕೆ ಬೇಡ, ಮುಕ್ಕಾಲು ಸ್ಪೀಕರಿಗಿರಲಿ. ಏಕೆಂದರೆ ಅಲ್ಲಿನ ಭೇದ ಮಕ್ಕಳ ಕಿವಿಗೂ ತಿಳಿಯುತ್ತದೆ. ತಂತಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಎಲೆಕ್ಟ್ರಿಕ್ ಅಂಗಡಿಯ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವಯರು ಐದು ಮೀಟರಿಗೆ, ಹೋಗಿಬರುವುದೆಲ್ಲ ಸೇರಿ, 0.07 ಓಮಿನಷ್ಟು ಅಡ್ಡಿಮಾಡುತ್ತದೆ. ಎಂಟು ಓಮಿನ ಮುಂದೆ ಅದು ಲೆಕ್ಕಕ್ಕಿಲ್ಲ. ಉಳಿದ ದುಡ್ಡಿನಲ್ಲಿ ಮಗಳನ್ನು ಹಾಡಿನ ಕ್ಲಾಸಿಗೆ ಸೇರಿಸಿ. ಡಿಸೆಂಬರಿನಲ್ಲಿ ಪುಣೆಗೆ ಹೋಗಿ, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನರು 1953ರಲ್ಲಿ ಆರಂಭಿಸಿದ ಉತ್ಸವದಲ್ಲಿ ಕೂತು ಕೇಳಿ.

ಮಾನ್ಯರು ಇನ್ನೂ ಒಪ್ಪುವುದಿಲ್ಲವಾದರೆ ನನ್ನದೊಂದು ಸವಾಲಿದೆ. ತಮ್ಮ ಲಕ್ಷದ ಪೆಟ್ಟಿಗೆಯನ್ನು ಸಂಘದ ಕೋಣೆಗೆ ತರಲಿ, ನನ್ನ ಒಂಬತ್ತು ಸಾವಿರದ್ದನ್ನು ನಾನು ತರುತ್ತೇನೆ. ಸ್ಪೀಕರು ಅವರದೇ, ತಟ್ಟೆಯೂ ಅವರು ಆರಿಸಿದ್ದೇ. ಮಲ್ಟಿಮೀಟರಿನಿಂದ ಎರಡರ ಮಟ್ಟವನ್ನೂ ಸಮಮಾಡಿ ಪರದೆಯ ಹಿಂದಿಡೋಣ. ಪ್ರತಿ ಸಲವೂ ಕಾರ್ಯದರ್ಶಿಗಳು ಚೀಟಿ ಎತ್ತಿ ಬದಲಾಯಿಸಲಿ. ಇಪ್ಪತ್ತು ಸಲದಲ್ಲಿ ಹದಿನೈದು ಸಲ ಸರಿಯಾಗಿ ಹೇಳಿದರೆ ಸಾಕು, ಬರಿಯ ಊಹೆಯಿಂದ ಹಾಗಾಗುವ ಸಂಭವ ನೂರಕ್ಕೆ ಎರಡೇ. ಮುಂದಿನ ಸಂಚಿಕೆಯಲ್ಲಿ ನನ್ನ ಹೆಸರಿನಲ್ಲೇ ಅವರ ಗೆಲುವನ್ನು ಪ್ರಕಟಿಸುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಾದರೆ ಎಲ್ಲರಿಗೂ ಅನುಕೂಲ. ಪರದೆಗೆ ನಮ್ಮ ಮನೆಯ ಜಮಖಾನ ತರುತ್ತೇನೆ.