ಪಿಎಚ್ ನಾರ್ಮಲ್ ಐತಿ. ಹಂಗಾರ ಮೀನು ಯಾಕ ಸತ್ತಾವ?

1/6
ಬ್ಯಾಸಿಗಿ ಬಂತಂದ್ರ ನಮ್ಮ ಕಡೆ ಹೊಳಿದು ಎರಡ ಸುದ್ದಿ. ಒಂದು, ನೀರಿಲ್ಲ. ಎರಡು, ನೀರು ಐತಿ, ಆದ್ರ ನಾರತೈತಿ. ಬ್ಯಾರೇಜ್ ಹಿಂದ ಮೀನು ಹೊಟ್ಟಿ ಮ್ಯಾಲ ಮಾಡಿ ತೇಲತಾವ. ಕೇಳಿದ್ರ ಬರೋ ಉತ್ತರ ಒಂದ: “ಟೆಸ್ಟ್ ಮಾಡೀವಿ, ಪಿಎಚ್ ನಾರ್ಮಲ್ ಐತಿ.” ಈ ಉತ್ತರಾನ ಇವತ್ತು ಬಿಚ್ಚಿ ನೋಡೋಣ. ಸ್ವೈಪ್ ಮಾಡ್ರಿ 👉

2/6
ಪಿಎಚ್ ಅಂದ್ರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ. 7 ಅಂದ್ರೆ ಸಮ. 6ಕ್ಕೆ ಇಳಿದರೆ ಹುಳಿ 10 ಪಟ್ಟು, 5ಕ್ಕೆ ಇಳಿದರೆ 100 ಪಟ್ಟು. ಕುಡಿಯುವ ನೀರಿಗೆ 6.5ರಿಂದ 8.5 ಇರಬೇಕು, ಮೀನು ಬದುಕುವ ನೀರಿಗೂ ಅಷ್ಟೇ.

ಆದರೆ ನಮ್ಮ ಹೊಳಿಗಳು ಹರಿದು ಬರೋದು ಸಹ್ಯಾದ್ರಿಯ ಕರಿಕಲ್ಲಿನ ಮ್ಯಾಲೆ. ಆ ಕಲ್ಲು, ಮಣ್ಣಿನಿಂದ ಬೈಕಾರ್ಬೊನೇಟ್ ಕರಗಿ ನೀರಿಗೆ ಸೇರತೈತಿ. ಎದಿ ಉರಿದಾಗ ಸೋಡಾ ಕುಡಿದ್ರ ಹುಳಿ ಇಳಿಯೂದಿಲ್ಲೇನ್ರಿ? ಹಂಗ. ಆಮ್ಲ ಬಿದ್ದರೂ ಹೊಳಿ ಅದನ್ನ ನುಂಗಿಕೊಂಡು 7, 8 ಅಂತಾನ ತೋರಸ್ತೈತಿ.

3/6
ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮ್ಯಾಲೆ ಉಳಿಯೋ ಕರಿ ನೀರಿಗೆ ಸ್ಪೆಂಟ್‌ವಾಶ್ ಅಂತಾರೆ. ಪಿಎಚ್ ಸುಮಾರು 4. ಆದ್ರ ಹುಳಿಗಿಂತ ಕೆಟ್ಟದ್ದು ಅದರ ಹಸಿವು. ಅದು ಕೊಳೆಯೋಕೆ ಬೇಕಾದ ಆಮ್ಲಜನಕ, ಅಂದ್ರೆ ಬಿಒಡಿ, ಲೀಟರಿಗೆ 40,000 ಮಿಲಿಗ್ರಾಂ ದಾಟುತ್ತೆ. ಹೊಳಿಗೆ ಬಿಡೋ ನೀರಿಗೆ ಕಾನೂನಿನ ಸಾಮಾನ್ಯ ಮಿತಿ ಎಷ್ಟು? 30.

ಬಟ್ಟೆ ಪ್ರೊಸೆಸಿಂಗ್ ನೀರು ಇದರ ಉಲ್ಟಾ, ಸಾಮಾನ್ಯವಾಗಿ ಕ್ಷಾರ. ಹುಳಿ ಹೊಲಸು, ಕ್ಷಾರ ಹೊಲಸು ಕೂಡಿದ್ರ ಪಿಎಚ್ 7! ಎರಡು ಹೊಲಸಿಗೆ ಒಂದ ಚಲೋ ಸರ್ಟಿಫಿಕೇಟ್.

4/6
ಮೀನು ಸಾಯೋದು ಬಹಳ ಸಲ ಉಸಿರು ಕಟ್ಟಿ. ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಆದರೂ ಬೇಕು. ನಿಂತ ನೀರಿನಾಗ ಪಾಚಿ ಹಗಲು ಆಮ್ಲಜನಕ ಬಿಡತೈತಿ, ರಾತ್ರಿ ತಾನೂ ಎಳಕೋತೈತಿ. ಅದಕ್ಕ ನಸುಕಿನ್ಯಾಗ ಎಲ್ಲಕ್ಕಿಂತ ಕಡಿಮೆ. ಮಧ್ಯಾಹ್ನ ಬಂದು ಬಾಟ್ಲಿ ತುಂಬಿಕೊಂಡು ಹೋದರೆ ಏನು ಸಿಗುತ್ತೆ? ಕೊಲೆಗಾರ ಹೋದ ಮ್ಯಾಲೆ ಪಂಚನಾಮೆ ಮಾಡಿದಂಗ.

5/6
ಕೊಲ್ಹಾಪುರ, ಇಚಲಕರಂಜಿ ಕಡೆಯಿಂದ ಬರೋ ಪಂಚಗಂಗಾ ನರಸೋಬಾವಾಡಿಯಲ್ಲಿ ಕೃಷ್ಣೆ ಸೇರುತ್ತೆ. ಅದೇ ನೀರು ಯಡೂರು, ಅಂಕಲಿ, ಉಗಾರ, ಕುಡಚಿ. ಬಚಾವತ್ 1973ರಲ್ಲಿ, ಬ್ರಿಜೇಶ್ ಕುಮಾರ್ 2010ರಲ್ಲಿ ಟಿಎಂಸಿ ಲೆಕ್ಕದಲ್ಲಿ ನೀರು ಹಂಚಿದರು. ಬ್ಯಾಸಿಗಿಗೆ ನಾವೂ “ಕೋಯ್ನಾದಿಂದ ನೀರು ಬಿಡ್ರಿ” ಅಂತ ಕೇಳ್ತೀವಿ. ಎಷ್ಟು ನೀರು ಅಂತ ಜಗಳ. ಎಂಥಾ ನೀರು ಅಂತ ಯಾರೂ ಕೇಳೂದಿಲ್ಲ!

ಹಂಗಂತ ಆಚೆ ಕಡೆ ಜನ ವೈರಿಗಳಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಣಿ ಹಬ್ಬಿ ಸತ್ತವರೂ ನಮ್ಮಂಥವರೇ. ಮತ್ತ ನಮ್ಮೂರ ಗಟಾರ ಎಲ್ಲಿ ಹೋಗತೈತಿ? ದೂಧಗಂಗಾ, ವೇದಗಂಗಾ, ಕೃಷ್ಣಾ ದಂಡಿ ಮ್ಯಾಲಿನ ಊರವರು ಹೊಳಿಗೆ ಇಳಿದು ಒಮ್ಮೆ ನೋಡ್ರಿ. ಗಡಿ ನಕಾಶೆದಾಗ ಐತಿ, ನೀರಿನ್ಯಾಗ ಇಲ್ಲ.

6/6
ಕೇಳೋದು ಮೂರೇ:
🔹 ಪಿಎಚ್ ಒಂದೇ ಸಾಲದು. ಕರಗಿದ ಆಮ್ಲಜನಕ, ಬಿಒಡಿ ಎರಡೂ ಹೇಳ್ರಿ.
🔹 ನಸುಕಿನ್ಯಾಗ ಅಳೀರಿ. ಬ್ಯಾರೇಜ್ ಹತ್ತಿರ ಬೋರ್ಡ್ ಹಚ್ಚಿ ಕನ್ನಡದಾಗ, ಮರಾಠಿಯಾಗ ಬರೀರಿ.
🔹 1974ರ ಜಲ ಕಾಯ್ದೆ ಎರಡೂ ರಾಜ್ಯಕ್ಕ ಒಂದ. ಎರಡೂ ಮಂಡಳಿಯವರು ಕೂಡಿ ಸ್ಯಾಂಪಲ್ ತಗೀರಿ.

ನೀವು ಮಾಡೋದು ಇಷ್ಟು: ಮೀನು ಸತ್ತದ್ದು ಕಂಡರೆ ಅವತ್ತೇ ಫೋಟೋ ತೆಗೀರಿ. ಜಾಗ, ತಾರೀಖು, ಟೈಮ್ ಬರೆದು ಪಂಚಾಯ್ತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೋರಿ. ಮುಂದಿನ ಸಲ ಯಾರಾದ್ರೂ “ಪಿಎಚ್ ನಾರ್ಮಲ್” ಅಂದ್ರ ಒಂದ ಪ್ರಶ್ನೆ ಕೇಳ್ರಿ: “ಸಾಹೇಬ್ರ, ಆಮ್ಲಜನಕ ಎಷ್ಟಿತ್ತು? ಎಷ್ಟು ಗಂಟೆಗೆ ಅಳೆದ್ರಿ?”

#ನಮ್ಮಹೊಳಿ #ಕೃಷ್ಣಾ #ದೂಧಗಂಗಾ #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ