ಯಾವ ಭಾಷೆ ಕಲಿಸುತ್ತಾರೆ?

ಬಿ.ಎ. ಮುಗಿಸಿದ ಮಗಳು, ‘ಇಂದಿನ ಏಷ್ಯಾದ ಸಮಾಜಗಳ ಬಗ್ಗೆ ಎಂ.ಎ. ಮಾಡುತ್ತೇನೆ’ ಎಂದರೆ ನೀವೇನು ಹೇಳುತ್ತೀರಿ? ‘ಅದನ್ನು ಕಲಿತರೆ ಕೆಲಸ ಸಿಗುತ್ತದೆಯೇ?’ ಎಂದು ತಾನೇ? ಸಾಲ ಮಾಡಿ ಓದಿಸುವ ಹೆತ್ತವರು ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಅಲ್ಲಿ ಯಾವ ಭಾಷೆ ಕಲಿಸುತ್ತಾರೆ?’ ಈ ಓದಿನ ಬೆಲೆ ಹೆಚ್ಚಾಗಿ ಇದರ ಉತ್ತರದಲ್ಲಿದೆ.

ಒಂದು ಉದಾಹರಣೆ ನೋಡಿ. 2023ರಲ್ಲಿ ದಕ್ಷಿಣ ಕೊರಿಯಾದ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 0.72. ಜನಸಂಖ್ಯೆ ಕುಗ್ಗದಿರಲು ಸುಮಾರು 2.1 ಬೇಕು. ಈ ಅಂಕಿಗಳು ಇಂಗ್ಲಿಷ್ ಪತ್ರಿಕೆಯಲ್ಲೂ ಸಿಗುತ್ತವೆ. ಆದರೆ ಅಲ್ಲಿನ ಹೆಣ್ಣುಮಕ್ಕಳು ಮದುವೆಯನ್ನೇಕೆ ಮುಂದೂಡುತ್ತಾರೆ? ಮಕ್ಕಳ ಟ್ಯೂಷನ್ ಖರ್ಚು, ಕಚೇರಿಯ ದೀರ್ಘ ದುಡಿಮೆ, ಗಂಡನ ಮನೆಯವರ ನಿರೀಕ್ಷೆ, ಇವುಗಳಲ್ಲಿ ಯಾವುದು ಅವರಿಗೆ ಹೆಚ್ಚು ಭಾರ? ಇದನ್ನು ತಿಳಿಯಬೇಕಾದರೆ ಅವರ ಬಳಿ ಕುಳಿತು, ಅವರದೇ ಮಾತಿನಲ್ಲಿ ಕೇಳಬೇಕು.

ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ತಂಗಿ ಅಲ್ಲಿನ ಬದುಕನ್ನು ಅಧ್ಯಯನ ಮಾಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆದರೂ ನೆನಪಿನ ಬಲದಿಂದಲೇ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಕಾಗದ ಸುಟ್ಟರೂ ಜನರ ನಡುವೆ ಬದುಕಿ ಕಲಿತದ್ದು ಉಳಿಯುತ್ತದೆ.

ಹಾಗಾದರೆ ಎಲ್ಲಿ ಓದಬಹುದು? ದೆಹಲಿ ವಿಶ್ವವಿದ್ಯಾಲಯದ ಪೂರ್ವ ಏಷ್ಯಾ ಅಧ್ಯಯನ ವಿಭಾಗದಲ್ಲಿ ಚೀನಾ, ಜಪಾನ್, ಕೊರಿಯಾಗಳ ಅಧ್ಯಯನವಿದೆ. ಸಾರ್ಕ್ ದೇಶಗಳು ಸೇರಿ ಕಟ್ಟಿದ, 2010ರಲ್ಲಿ ತರಗತಿ ಆರಂಭಿಸಿದ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯವೂ ದೆಹಲಿಯಲ್ಲೇ ಇದ್ದು, ಅಲ್ಲಿ ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಬಹುದು. ವಿದೇಶಕ್ಕೆ ಹೋಗುವವರಿಗೆ ಜಪಾನ್ ಸರಕಾರದ ‘ಮೆಕ್ಸ್ಟ್’ ಮತ್ತು ಕೊರಿಯಾ ಸರಕಾರದ ‘ಜಿ.ಕೆ.ಎಸ್.’ ವಿದ್ಯಾರ್ಥಿವೇತನಗಳಿವೆ. ಕೊರಿಯಾದ ಯೋಜನೆಯಲ್ಲಿ ಸಾಮಾನ್ಯವಾಗಿ ಮೊದಲ ಒಂದು ವರ್ಷ ಭಾಷೆ ಕಲಿಯುವುದಕ್ಕೇ ಮೀಸಲು.

ಅರ್ಜಿ ಹಾಕುವ ಮೊದಲು ಮೂರು ವಿಷಯ ವಿಚಾರಿಸಿಕೊಳ್ಳಿ. ಭಾಷಾ ತರಗತಿ ಎಷ್ಟು ಕಾಲ ಇರುತ್ತದೆ? ಜನರ ನಡುವೆ ಹೋಗಿ ಮಾಹಿತಿ ಸಂಗ್ರಹಿಸಲು ಅವಕಾಶವಿದೆಯೇ? ಕೊನೆಗೆ ಸ್ವಂತ ಪ್ರಬಂಧ ಬರೆಯಬೇಕೇ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಂದು ಕಡೆ ನೋಡುವುದು ಒಳ್ಳೆಯದು. ಪದವಿ ಸಿಕ್ಕಿದ ಮಾತ್ರಕ್ಕೆ ಕೆಲಸ ಖಚಿತವಲ್ಲ. ಆದರೆ ಭಾಷೆ ಚೆನ್ನಾಗಿ ಬಂದರೆ ಅನುವಾದ, ಪತ್ರಿಕೋದ್ಯಮ, ಬೋಧನೆ, ವಿದೇಶಿ ಕಂಪೆನಿಗಳ ಕೆಲಸ ಹೀಗೆ ದಾರಿಗಳು ಹೆಚ್ಚುತ್ತವೆ.

ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದ ಮಕ್ಕಳಿಗೆ ಮತ್ತೊಂದು ಭಾಷೆಯ ಭಯವೇಕೆ? ನಮ್ಮ ಅದೆಷ್ಟೋ ಮನೆಗಳ ಅನ್ನ ಗಲ್ಫ್‌ನಿಂದ ಬಂದಿದೆ. ಅದೂ ಏಷ್ಯಾವೇ. ಅಲ್ಲಿ ದುಡಿದವರ ಬದುಕು, ಇಲ್ಲಿ ಕಾದು ಕುಳಿತವರ ಬದುಕು ಎರಡನ್ನೂ ಅಧ್ಯಯನ ಮಾಡಿ ಬರೆಯಬೇಕಾದವರು ಯಾರು? ನಿಮ್ಮ ಮಗಳು ಆ ಕೆಲಸಕ್ಕೆ ಹೊರಟಿದ್ದರೆ ಬೇಡವೆನ್ನುವ ಮೊದಲು ಒಮ್ಮೆ ಅವಳ ಮಾತು ಪೂರ್ತಿ ಕೇಳಿ.